ಇಪ್ಪತ್ತು ಸಾವಿರದೊಳಗೆ ಒಂದು ಲ್ಯಾಪ್‌ಟಾಪ್

ಆರು ವರ್ಷಗಳಿಂದ ಕರಡು ತಿದ್ದುವ ನನ್ನ ಕೆಲಸಕ್ಕೆ ಆಸರೆಯಾಗಿದ್ದ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಇತ್ತೀಚೆಗೆ ಸುಟ್ಟುಹೋಯಿತು. ಅದನ್ನು ಬದಲಾಯಿಸಲು 14,000 ರೂಪಾಯಿ ಆಗುತ್ತದೆಂದು ರಿಪೇರಿಯವರು ತಿಳಿಸಿದಾಗ, ಬೇರೆಯದನ್ನೇ ಕೊಳ್ಳುವುದು ಮೇಲೆಂದು ತೀರ್ಮಾನಿಸಿ 20,000 ರೂಪಾಯಿಗಳ ಮಿತಿ ಹಾಕಿಕೊಂಡೆ.

ಆ ಬೆಲೆಗೆ ನಾನು ನೋಡಿದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಇಎಂಎಂಸಿ (ಕಡತಗಳನ್ನು ಉಳಿಸಿಡುವ ಚಿಪ್) ಇದ್ದವು. ರ‍್ಯಾಮನ್ನೂ ಇಎಂಎಂಸಿಯನ್ನೂ ಬೋರ್ಡಿಗೇ ಬೆಸೆದಿದ್ದರಿಂದ ಮುಂದೆ ಹೆಚ್ಚಿಸಿಕೊಳ್ಳುವ ದಾರಿಯೇ ಇರಲಿಲ್ಲ. ವಿಂಡೋಸ್ ಇಲ್ಲದ ಕ್ರೋಮ್‌ಬುಕ್ ನನಗೆ ಒಗ್ಗುವಂಥದ್ದಲ್ಲ. ಪ್ರಕಾಶಕರಿಂದ ಬರುವ ಹಳೆಯ ಕಡತಗಳು ಇಂದಿಗೂ ‘ನುಡಿ’ಯಲ್ಲಿರುತ್ತವೆ, ಕನ್ನಡ ಗಣಕ ಪರಿಷತ್ತು ರೂಪಿಸಿದ ಆ ತಂತ್ರಾಂಶಕ್ಕೆ ವಿಂಡೋಸ್ ಬೇಕು.

ಹೀಗಾಗಿ ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಕಂಪನಿಗಳು ಬಳಸಿ ಬಿಟ್ಟ ಲೆನೊವೊ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳನ್ನು ನೋಡಿದೆ. ಅವುಗಳಲ್ಲಿ ಟಿ470 ಮತ್ತು ಟಿ480 ಮಾದರಿಗಳನ್ನು ಅಕ್ಕಪಕ್ಕ ಇಟ್ಟರೆ ಅವಳಿಗಳಂತೆ ಕಾಣುತ್ತವೆ, ಬೆಲೆಯಲ್ಲಿದ್ದ ಅಂತರವೂ ಕೇವಲ 2,500 ರೂಪಾಯಿ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ವಿಂಡೋಸ್ 11 ಅಧಿಕೃತವಾಗಿ ಬೇಡುವ 8ನೇ ಪೀಳಿಗೆಯ ಇಂಟೆಲ್ ಪ್ರೊಸೆಸರ್ ಟಿ480ರಲ್ಲಿ ಸಿಗುತ್ತದೆ, ಟಿ470ರಲ್ಲಿ ಸಿಗುವುದಿಲ್ಲ. ಆ ಹಣ ಉಳಿಸಲು ಹೋಗಬಾರದೆಂದು ನನಗೆ ಅಲ್ಲೇ ಖಚಿತವಾಯಿತು.

ಹೆಚ್ಚು ಹೊತ್ತು ಹಿಡಿದದ್ದು ಪರದೆಯ ಆಯ್ಕೆ. ನಾನು ನೋಡಿದ ಟಿ480ಗಳಲ್ಲಿ ಎರಡು ಬಗೆಯ ಪರದೆಗಳಿದ್ದವು: 1366×768 ಮತ್ತು 1920×1080 ಪಿಕ್ಸೆಲ್. ಎರಡರಲ್ಲೂ ಒಂದೇ ಪುಟ ತೆರೆದು ‘ರಾಷ್ಟ್ರ’, ‘ವಸ್ತ್ರ’ ಎಂಬಂಥ ಪದಗಳನ್ನು ಸಣ್ಣ ಗಾತ್ರದಲ್ಲಿ ಓದಿದೆ. ಮೊದಲನೆಯದರಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಕಣ್ಣನ್ನು ದಣಿಸಿದವು. ದಿನವಿಡೀ ಅಕ್ಷರ ನೋಡುವವರು ಪ್ರೊಸೆಸರಿನ ವೇಗಕ್ಕಿಂತ ಮೊದಲು ಇದನ್ನೇ ಪರೀಕ್ಷಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಣ ಕೊಡುವ ಮುನ್ನ ಯಂತ್ರವನ್ನು ಆಫ್ ಮಾಡಿ, ಮತ್ತೆ ಹಚ್ಚುವಾಗ ಎಫ್1 ಒತ್ತಿ ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆ) ತೆರೆದು ನೋಡಿದೆ, ಏಕೆಂದರೆ ಹಿಂದಿನ ಕಂಪನಿಯ ಪಾಸ್‌ವರ್ಡ್ ಅಲ್ಲಿ ಉಳಿದಿದ್ದರೆ ಅದನ್ನು ತೆಗೆಸುವುದು ಬಹಳ ಕಷ್ಟ. ಬಳಿಕ ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ ಎಂಬ ಆದೇಶದಿಂದ ಬ್ಯಾಟರಿ ವರದಿ ತೆಗೆಸಿ, ಮೂಲ ಸಾಮರ್ಥ್ಯವನ್ನೂ ಈಗ ತುಂಬುವಷ್ಟನ್ನೂ ಹೋಲಿಸಿದೆ. ಒಳಗಿನ ಬ್ಯಾಟರಿ ಚೆನ್ನಾಗಿತ್ತು, ಹೊರಗಿನದು ಅರ್ಧಕ್ಕೆ ಇಳಿದಿತ್ತು. ಕೆಳಗಿನ ಎರಡು ಚಿಲಕ ಸರಿಸಿದರೆ ಕಳಚಿ ಬರುವ ಆ ಬ್ಯಾಟರಿಯನ್ನು ನಾನೇ ಬದಲಾಯಿಸಿಕೊಳ್ಳಬಹುದಾದ್ದರಿಂದ, ಅದನ್ನು ತೋರಿಸಿ ಬೆಲೆ ಇಳಿಸಿಕೊಂಡು 18,500 ರೂಪಾಯಿಗೆ ಕೊಂಡೆ.

ಮನೆಗೆ ಬಂದು ತಳದ ಸ್ಕ್ರೂಗಳನ್ನು ಬಿಚ್ಚಿ ನೋಡಿದರೆ, ರ‍್ಯಾಮಿನ ಎರಡು ಸ್ಲಾಟುಗಳಲ್ಲಿ ಒಂದು ಖಾಲಿಯಿತ್ತು. ಕೆಟ್ಟುಹೋದ ಲ್ಯಾಪ್‌ಟಾಪಿನಲ್ಲಿದ್ದ 8 ಜಿಬಿ ಡಿಡಿಆರ್4 ರ‍್ಯಾಮ್ ಪಟ್ಟಿಯನ್ನು ತೆಗೆದು ಅಲ್ಲಿ ಕೂರಿಸಿದೆ, ಅದು ತಕರಾರಿಲ್ಲದೆ ಹೊಂದಿಕೊಂಡು ಒಟ್ಟು 16 ಜಿಬಿ ಆಯಿತು. ಈ ಬರಹವನ್ನು ಅದರಲ್ಲೇ ಬರೆದಿದ್ದೇನೆ.