ಗ್ರ್ಯಾಫೀನ್ ಜಂಕ್ಷನ್‌ನಲ್ಲಿ ಸೂಪರ್‌ಕರೆಂಟ್ ಕಾಣದಿದ್ದರೆ

ಎರಡು ಅತಿವಾಹಕ ಲೋಹಗಳ ನಡುವೆ ಗ್ರ್ಯಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಇಟ್ಟರೆ ಅದೇ ಜಂಕ್ಷನ್; ಅದರಲ್ಲಿ ತಡೆಯಿಲ್ಲದೆ ಹರಿಯುವ ಕರೆಂಟೇ ಸೂಪರ್‌ಕರೆಂಟ್. ಒಂಟಿ ಪದರದ ಗ್ರ್ಯಾಫೀನ್ ಈ ಅತಿವಾಹಕತೆಯನ್ನು ಅಕ್ಕಪಕ್ಕದ ಲೋಹದಿಂದ ಎರವಲು ಪಡೆಯುತ್ತದೆ; ಹಾಗಾಗಿ ಕೆಲಸ ಕೆಡುವುದು ಹೆಚ್ಚಾಗಿ ಸಂಪರ್ಕದಲ್ಲೇ. ಬೋರಾನ್ ನೈಟ್ರೈಡ್ ಪದರಗಳ ನಡುವೆ ಗ್ರ್ಯಾಫೀನ್ ಇಟ್ಟು, ಪ್ಲಾಸ್ಮಾದಿಂದ ಕೊರೆದು, ತೆರೆದ ಅಂಚಿಗೆ ತಡಮಾಡದೆ ಲೋಹ ಹಾಕಿ. ಅಲ್ಲಿ ರೆಸಿಸ್ಟ್‌ನ (ವಿನ್ಯಾಸ ಮೂಡಿಸಲು ಬಳಿಯುವ ಲೇಪ) ಕೊಳೆ ಉಳಿದರೆ ಮುಗಿಯಿತು. ಲೋಹದ ಆಯ್ಕೆಯೂ ಮುಖ್ಯ: ಅಲ್ಯೂಮಿನಿಯಂ ಸುಮಾರು 1.2 ಕೆಲ್ವಿನ್‌ನಲ್ಲೇ ಅತಿವಾಹಕತೆ ಕಳೆದುಕೊಳ್ಳುತ್ತದೆ. ಮಾಲಿಬ್ಡಿನಂ-ರೀನಿಯಂ ಮಿಶ್ರಲೋಹ ಇನ್ನೂ ಹೆಚ್ಚಿನ ತಾಪಮಾನ ತಾಳುತ್ತದೆ.

ಗೇಟನ್ನು (ಗ್ರ್ಯಾಫೀನ್‌ನಲ್ಲಿನ ವಿದ್ಯುದಾವೇಶ ಬದಲಿಸುವ ವೋಲ್ಟೇಜ್) ಹೋಲ್, ಅಂದರೆ ಧನಾವೇಶದ, ಕಡೆಗೆ ತಿರುಗಿಸಿದಾಗ ಕರೆಂಟ್ ಕುಸಿದರೆ ಗಾಬರಿ ಬೇಡ: ಲೋಹವು ಅಂಚಿಗೆ ಎಲೆಕ್ಟ್ರಾನ್ ತುಂಬಿ ಧನ-ಋಣ ಭಾಗಗಳ ಗಡಿಯಲ್ಲಿ ಪಿ-ಎನ್ ತಡೆ ಕಟ್ಟಿರುತ್ತದೆ. ಆದರೆ ತಂತಿಗಳಿಗೆ ಫಿಲ್ಟರ್ ಇಲ್ಲದಿದ್ದರೆ ವಿದ್ಯುತ್ ಗದ್ದಲವೇ ಕ್ಷೀಣ ಸೂಪರ್‌ಕರೆಂಟನ್ನು ನುಂಗಿಬಿಡುತ್ತದೆ.

ಕಾಂತಕ್ಷೇತ್ರದ ಪರೀಕ್ಷೆ ಬಿಡಬೇಡಿ: ಕ್ಷೇತ್ರ ಹೆಚ್ಚಿಸುತ್ತ ಹೋದರೆ ನಿಜವಾದ ಸೂಪರ್‌ಕರೆಂಟ್ ಏರಿಳಿಯುತ್ತದೆ. ಜಂಕ್ಷನ್ 1 ಮೈಕ್ರಾನ್ ಅಗಲ, 0.3 ಮೈಕ್ರಾನ್ ಉದ್ದವಿದ್ದರೆ ಏರಿಳಿತದ ಅಂತರ ಲೆಕ್ಕದಲ್ಲಿ ಸುಮಾರು 7 ಮಿಲಿಟೆಸ್ಲಾ. ಅಳತೆಯಲ್ಲಿ ಅದಕ್ಕಿಂತ ಕಡಿಮೆಯೇ ಬರುತ್ತದೆ, ಏಕೆಂದರೆ ಅತಿವಾಹಕ ತನ್ನಿಂದ ಹೊರದಬ್ಬಿದ ಕ್ಷೇತ್ರ ಸಂದಿಯೊಳಗೆ ನುಗ್ಗುತ್ತದೆ.