ಸಪ್ಪೆಯಾದ ಹೊಳೆ

ಕಳೆದ ಮಾರ್ಚಿನಲ್ಲಿ ಅಮ್ಮ ನಮ್ಮನೆಗೆ ಬಂದಿದ್ದಳು. ನಾನಿರುವುದು ಕುಮಟಾ ಕಡೆ, ಅಘನಾಶಿನಿ ಹೊಳೆಯ ಪಕ್ಕದ ಹಳ್ಳಿಯಲ್ಲಿ. ನನ್ನ ತವರು ಹೊನ್ನಾವರದಿಂದ ಸ್ವಲ್ಪ ಒಳಗೆ, ಶರಾವತಿ ದಂಡೆಯಲ್ಲಿ. ಅಮ್ಮ ಹುಟ್ಟಿದ್ದು ಶರಾವತಿಯ ಒಂದು ದಂಡೆಯಲ್ಲಿ, ಮದುವೆಯಾಗಿ ಬಂದದ್ದು ಇನ್ನೊಂದು ದಂಡೆಗೆ. ಬೇರೆ ಹೊಳೆಯ ಜೊತೆ ಅವಳಿಗೆ ಅಷ್ಟು ಬಳಕೆಯಿಲ್ಲ.

ಅವತ್ತು ಬೆಳಿಗ್ಗೆ ಇಳಿತ ಚೆನ್ನಾಗಿತ್ತು. ಪಕ್ಕದ ಮನೆಯ ಹೆಂಗಸರು ಬುಟ್ಟಿ ಹಿಡಿದು ಬಳಚು, ಅಂದರೆ ಮರಳಿನಲ್ಲಿ ಸಿಗುವ ಚಿಪ್ಪುಮೀನು, ಆರಿಸಲು ಹೊರಟರು. ಅಮ್ಮನೂ ಸೀರೆ ಮೇಲೆ ಕಟ್ಟಿ ಅವರ ಹಿಂದೆ ಹೋದಳು. ನಾನು ಹೋಗುವಷ್ಟರಲ್ಲಿ ಮೊಣಕಾಲು ನೀರಿನಲ್ಲಿ ನಿಂತಿದ್ದಳು. ಬಗ್ಗಿ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು.

"ಇಲ್ಲಿ ಹೊಳೆ ಇನ್ನೂ ಉಪ್ಪು ಅದೆ ಮಗಾ" ಅಂದಳು.

ಡ್ಯಾಂ ಬಂದ ಮೇಲೆ ಹೊಳೆಯ ಮೀನಿಗೆ ಏನಾಯಿತು ಅಂತ ಬರೆಯಲು ಹೊರಟು ಉಪ್ಪಿನ ಮಾತು ಯಾಕೆ ಅನ್ನಿಸಬಹುದು. ನಮ್ಮ ಶರಾವತಿಯ ಮೀನಿನ ಕಥೆ ಶುರುವಾಗುವುದೇ ಉಪ್ಪಿನಿಂದ.

ಡ್ಯಾಂ ಅಂದರೆ ಕೆಳಗಿನ ಹೊಳೆ ಬತ್ತುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಎಷ್ಟೋ ಕಡೆ ಅದು ನಿಜ. ನಮ್ಮೂರಲ್ಲಿ ಆಗಿದ್ದು ಬೇರೆ. ಅಲ್ಲಿ ಹೊಳೆ ಬತ್ತುವುದೇ ಇಲ್ಲ, ಬತ್ತಬೇಕಾದ ಕಾಲದಲ್ಲೂ ಬತ್ತುವುದಿಲ್ಲ. ಲಿಂಗನಮಕ್ಕಿಯಲ್ಲಿ ಕಟ್ಟಿದ ನೀರು ತಳಕಳಲೆಯ ಜಲಾಶಯಕ್ಕೆ ಬಂದು, ಕೊಳವೆಯಲ್ಲಿ ಘಟ್ಟದ ಬುಡಕ್ಕಿಳಿದು, ವಿದ್ಯುತ್ ಕೊಟ್ಟು ಗೇರುಸೊಪ್ಪೆಯ ಅಣೆಕಟ್ಟಿಗೆ ಸೇರುತ್ತದೆ. ಅಲ್ಲಿ ಇನ್ನೊಮ್ಮೆ ಟರ್ಬೈನ್ ತಿರುಗಿಸಿ ಕೆಳಗೆ ಬರುತ್ತದೆ. ಬೇಸಿಗೆಯಲ್ಲಿ ಫ್ಯಾನು, ಪಂಪ್‌ಸೆಟ್ಟು ಎಲ್ಲ ಓಡುವಾಗ ಕರೆಂಟು ಜಾಸ್ತಿ ಬೇಕು. ಆಗಲೇ ನೀರನ್ನೂ ಬಿಡಬೇಕಾಗುತ್ತದೆ. ಹೊಳೆ ಸೊರಗಿ, ಸಮುದ್ರದ ನೀರು ಭರತದ ಜೊತೆ ಒಳಗೆ ಏರಿ ಬರಬೇಕಾದ ಮಾರ್ಚ್, ಏಪ್ರಿಲ್‌ನಲ್ಲೇ ಸಿಹಿನೀರು ಎದುರಿನಿಂದ ಬಂದು ಅದನ್ನು ತಳ್ಳುತ್ತದೆ.

ಅಮ್ಮ ಹೇಳುವ ಲೆಕ್ಕ ಸರಳ. ಅವಳು ಹುಟ್ಟಿದ್ದು 1950ರಲ್ಲಿ. ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಅವಳ ಚಿಕ್ಕಂದಿನಲ್ಲಿ ದೀಪಾವಳಿ ಕಳೆದ ಮೇಲೆ ಹೊಳೆ ನಿಧಾನಕ್ಕೆ ಉಪ್ಪಾಗುತ್ತಿತ್ತು. ಶಿವರಾತ್ರಿ ಹೊತ್ತಿಗೆ ಪಾತ್ರೆ ತೊಳೆಯಲೂ ಆ ನೀರು ಬೇಡ ಅನ್ನುವಷ್ಟು. ಆಗ ಇಳಿತಕ್ಕೆ ಮಕ್ಕಳೆಲ್ಲ ಹೋಗಿ ಕಾಲಿನಿಂದಲೇ ಮರಳು ಕೆದಕಿ ಬಳಚು ಹುಡುಕುತ್ತಿದ್ದರು. ಪಾದಕ್ಕೆ ತಾಗಿದರೆ ಇದು ಕಲ್ಲೋ ಬಳಚೋ ಅಂತ ಗೊತ್ತಾಗುತ್ತಿತ್ತಂತೆ. ದೊಡ್ಡ ಮಡಕೆಯಲ್ಲಿ ಹಾಕಿ ಬಾಯಿ ಬಿಡುವ ತನಕ ಬೇಯಿಸುವುದು. ಕಾಯಿತುರಿ ಹಾಕಿ ಸುಕ್ಕಾ. ಉಳಿದ ಚಿಪ್ಪನ್ನು ಸುಣ್ಣ ಸುಡುವವರು ಬಂದು ಒಯ್ಯುತ್ತಿದ್ದರು. ಆ ಸುಣ್ಣವೇ ಮನೆಯ ಗೋಡೆಗೆ, ಅಜ್ಜಿಯ ಎಲೆಯಡಿಕೆಗೆ.

ಆಮೇಲೆ ವರ್ಷ ವರ್ಷಕ್ಕೆ ಕಡಿಮೆಯಾಯಿತು. ಒಂದೇ ದಿನ ನಿಂತಿದ್ದಲ್ಲ. ನಾನು ಹುಟ್ಟಿ ನಡೆದಾಡುವ ಹೊತ್ತಿಗೆ ನಮ್ಮ ದಂಡೆಯಲ್ಲಿ ಬಳಚು ಆರಿಸಲು ಹೋಗುವವರೇ ಇರಲಿಲ್ಲ. ನನ್ನ ಕಾಲಿಗೆ ಆ ಗುರುತು ಗೊತ್ತಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಳೆಗಾಲದಲ್ಲಿ ಹೊಳೆ ಹೇಗೂ ಸಿಹಿಯಾಗುತ್ತದೆ ಅಲ್ವಾ, ಬಳಚು ಆಗಲೇ ಸಾಯಬೇಕಿತ್ತಲ್ಲ ಅಂತ ನಾನೂ ಕೇಳಿಕೊಂಡಿದ್ದೆ. ಬಳಚು ಸಿಹಿನೀರು ಬಂದಾಗ ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡು ಕೂರುತ್ತದೆ. ಸ್ವಲ್ಪ ಕಾಲ ತಡೆಯುತ್ತದೆ. ಒಂದಷ್ಟು ಸಾಯುತ್ತವೆ, ಉಪ್ಪು ಮರಳಿದ ಮೇಲೆ ಉಳಿದವು ಮರಿ ಮಾಡುತ್ತವೆ, ಸಮುದ್ರದ ಕಡೆಯಿಂದಲೂ ಮರಿ ತೇಲಿ ಬಂದು ಮರಳಿಗೆ ಇಳಿಯುತ್ತವೆ. ಅವುಗಳ ಬದುಕಿಗೆ ವರ್ಷದಲ್ಲಿ ಕೆಲವು ತಿಂಗಳ ಉಪ್ಪು ಬೇಕೇ ಬೇಕು. ಆ ತಿಂಗಳುಗಳನ್ನೇ ತೆಗೆದುಬಿಟ್ಟರೆ ಮುಚ್ಚಿದ ಚಿಪ್ಪು ತೆರೆಯುವುದು ಯಾವಾಗ?

ಮೀನಿನದೂ ಹೆಚ್ಚುಕಡಿಮೆ ಇದೇ ಕಥೆ. ನೋಗಲಿ, ಕುರುಡೆ ಇವೆಲ್ಲ ಸಮುದ್ರಕ್ಕೂ ಹೊಳೆಗೂ ಓಡಾಡಿಕೊಂಡಿರುವ ಮೀನುಗಳು. ಮರಿಗಳು ಅಳಿವೆಯ ಒಳಗೆ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರುಗಳ ಸಂದಿಯಲ್ಲಿ ಬೆಳೆಯುತ್ತವೆ. ಸಮುದ್ರದಲ್ಲಿ ಹುಟ್ಟುವ ಶೆಟ್ಲಿಯ (ಸಿಗಡಿಯ) ಮರಿಗಳೂ ಹಾಗೆಯೇ ಒಳಗೆ ಬಂದು ಬೆಳೆದು ಮತ್ತೆ ಹೊರಗೆ ಹೋಗುತ್ತವೆ. ಭರತದ ಉಪ್ಪುನೀರು ಎಲ್ಲಿಯ ತನಕ ಏರುತ್ತದೋ ಅಲ್ಲಿಯ ತನಕ ಅವುಗಳ ಮನೆ. ಉಪ್ಪು ಬಾಗಿಲಲ್ಲೇ ನಿಂತರೆ ಮನೆಯೂ ಬಾಗಿಲಷ್ಟೇ ಆಗುತ್ತದೆ. ನಮ್ಮೂರಲ್ಲಿ ಬಲೆ ಬೀಸುವ ಅಣ್ಣ ಒಬ್ಬರು ಮೊದಲು ಮನೆ ಎದುರಿನ ದಡದಲ್ಲೇ ಬಲೆ ಹಾಕುತ್ತಿದ್ದರು. ಈಗ ದೋಣಿಗೆ ಡೀಸೆಲ್ ಹಾಕಿ ಅಳಿವೆಯ ಬಾಯಿಯ ತನಕ ಹೋಗುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಮ್ಮ ಜಿಲ್ಲೆಯ ಅಳಿವೆಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಶರಾವತಿಯಲ್ಲಿ ವರ್ಷವಿಡೀ ಸಿಹಿನೀರು ಬರುವುದರಿಂದ ಉಪ್ಪು ಕಡಿಮೆಯಾಗಿ ಬಳಚು ಬಹುತೇಕ ಮಾಯವಾಗಿದೆ, ಮೀನಿನ ಬಗೆಗಳೂ ಅಘನಾಶಿನಿಗಿಂತ ಕಡಿಮೆ ಎಂದು ಅವರು ಬರೆದಿದ್ದಾರೆ. ಅಮ್ಮ ನಾಲಿಗೆಯಿಂದ ಕಂಡುಕೊಂಡದ್ದನ್ನು ಅವರು ಅಳತೆ ಮಾಡಿ ಕಂಡುಕೊಂಡರು. ಅಘನಾಶಿನಿಯಲ್ಲಿ ವರ್ಷಕ್ಕೆ 22 ಸಾವಿರ ಟನ್ನಷ್ಟು ಬಳಚು ತೆಗೆಯುತ್ತಾರೆ, ಎರಡು ಸಾವಿರಕ್ಕೂ ಹೆಚ್ಚು ಜನ ನೇರವಾಗಿ ಅದರಿಂದ ಬದುಕುತ್ತಾರೆ ಅಂತ ಲೆಕ್ಕ ಕೊಟ್ಟವರೂ ಅವರೇ. ಈ ಹೊಳೆಗೆ ಒಂದೂ ದೊಡ್ಡ ಅಣೆಕಟ್ಟು ಇಲ್ಲ. ಶಿರಸಿಯ ಮಂಜುಗುಣಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತನ್ನ ಪಾಡಿಗೆ ತದಡಿಗೆ ಬಂದು ಸೇರುತ್ತದೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ, ಸೇರಿತು. ಎರಡು ಹೊಳೆಗಳ ನಡುವೆ ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆ ದಾರಿ. ಒಂದೇ ಘಟ್ಟ, ಒಂದೇ ಮಳೆ, ಒಂದೇ ಸಮುದ್ರ. ಆದರೂ ತವರಲ್ಲಿ ಬಳಚು ಸುಕ್ಕಾ ತಿನ್ನಬೇಕೆಂದರೆ ನಾನೇ ಇಲ್ಲಿಂದ ಚೀಲದಲ್ಲಿ ಒಯ್ಯಬೇಕು.

ಎಲ್ಲವನ್ನೂ ಡ್ಯಾಮಿನ ತಲೆಗೆ ಕಟ್ಟುವುದೂ ಸರಿಯಲ್ಲ. ಹೊಳೆಯಲ್ಲಿ ಮರಳು ತೆಗೆದದ್ದೂ ಬಳಚಿನ ನೆಲೆಯನ್ನು ಹಾಳು ಮಾಡಿದೆ. ಆದರೆ ಉಪ್ಪು ಮರಳದೆ ಮರಳು ಮರಳಿದರೂ ಏನು ಪ್ರಯೋಜನ?

ಇನ್ನು ಹೊಳೆಯ ಮೇಲ್ಭಾಗ. ಜೋಗವೇ 253 ಮೀಟರಿನ ಗೋಡೆ, ಅದನ್ನು ಯಾವ ಮೀನು ಹತ್ತುತ್ತಿತ್ತು, ಡ್ಯಾಂ ಬಂದರೇನು ಬಿಟ್ಟರೇನು ಅಂತ ಒಬ್ಬರು ನನ್ನ ಹತ್ತಿರ ವಾದ ಮಾಡಿದ್ದರು. ಜೋಗದ ಮೇಲಿನ ಮೀನು, ಕೆಳಗಿನ ಮೀನು ಮೊದಲಿಂದಲೂ ಬೇರೆ ಬೇರೆ ಎನ್ನುವುದು ಸರಿ. ಆದರೆ ಜೋಗದ ಬುಡದಿಂದ ಸಮುದ್ರದ ತನಕ ದಾರಿ ತೆರೆದೇ ಇತ್ತಲ್ಲ. ಗೇರುಸೊಪ್ಪೆಯ ಕಟ್ಟು ಅದನ್ನು ಮಧ್ಯದಲ್ಲಿ ತುಂಡು ಮಾಡಿತು. ಹಾವುಮೀನು ಮೊಟ್ಟೆಯಿಡುವುದು ಸಮುದ್ರದಲ್ಲಿ, ಬೆಳೆಯುವುದು ಹೊಳೆಯಲ್ಲಿ. ಸಿಹಿನೀರಿನ ದೊಡ್ಡ ಶೆಟ್ಲಿ ಇರುವುದು ಮೇಲೆ, ಅದರ ಮರಿಗೆ ಬೇಕಾದದ್ದು ಕೆಳಗಿನ ಸವಳು ನೀರು. ಇಂಥವಕ್ಕೆ ಹೊಳೆ ಅಂದರೆ ಒಂದು ಜಾಗ ಅಲ್ಲ, ದಾರಿ.

ಜೋಗದ ಮೇಲೆ ನಷ್ಟ ಇನ್ನೊಂದು ಥರ. ಅಲ್ಲಿ ಹರಿಯುವ ನೀರು 300 ಚದರ ಕಿಲೋಮೀಟರಿಗೂ ದೊಡ್ಡ ನಿಂತ ನೀರಾಯಿತು. ಆ ನೀರಿನಡಿ ಹೋದ ಊರುಗಳ ಜನ ಇವತ್ತಿಗೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿದ್ದಾರೆ. ಅವರ ನೋವಿನ ಮುಂದೆ ಮೀನಿನ ಮಾತು ಸಣ್ಣದು ಅನ್ನಿಸಬಹುದು. ಆದರೂ ಹೇಳಬೇಕು. ಹರಿವಿನಲ್ಲಿ ಕಲ್ಲಿಗೆ ಅಂಟಿಕೊಂಡು ಬದುಕುವ ಬೆರಳುದ್ದದ ಮೀನುಗಳಿಗೆ ಆಳದ ಕೆರೆಯಲ್ಲಿ ಏನು ಕೆಲಸ? ಅಲ್ಲಿ ಗೆಲ್ಲುವುದು ನಿಂತ ನೀರಿಗೆ ಒಗ್ಗುವ ಕಾಟ್ಲಾ, ರೋಹು, ತಿಲಾಪಿಯಾದಂಥ ಹೊರಗಿನ ಮೀನುಗಳು. ಹಿಡಿಯುವವರಿಗೆ ನಾಲ್ಕು ಕಾಸು ಸಿಗುತ್ತದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ.

ಸಣ್ಣ ಮೀನುಗಳು ಉಳಿದಿರುವುದು ಲಿಂಗನಮಕ್ಕಿಗೆ ಬಂದು ಸೇರುವ ಹಳ್ಳಗಳಲ್ಲಿ, ಮೇಲೆ ದಟ್ಟ ಕಾಡು ಇರುವ ಕಡೆ. 2004ರಲ್ಲಿ ಶರಾವತಿಯಿಂದ ಬಟಾಸಿಯೋ ಶರಾವತಿಯೆನ್ಸಿಸ್ ಅನ್ನುವ ಹೊಸ ಮೀನನ್ನು ಗುರುತಿಸಿದರು. 2006ರಲ್ಲಿ ಇನ್ನೆರಡು, ಶಿಸ್ಟುರಾ ಶರಾವತಿಯೆನ್ಸಿಸ್ ಮತ್ತು ನಾಗೋಡಿ ಊರಿನ ಹೆಸರು ಹೊತ್ತ ಶಿಸ್ಟುರಾ ನಾಗೋಡಿಯೆನ್ಸಿಸ್. ಲಿಂಗನಮಕ್ಕಿ ಕಟ್ಟಿ 40 ವರ್ಷ ಕಳೆದ ಮೇಲೆ ಹೆಸರು ಸಿಕ್ಕ ಮೀನುಗಳಿವು. ಹಾಗಾದರೆ ನೀರು ತುಂಬುವ ಮೊದಲು ಆ ಕಣಿವೆಯಲ್ಲಿ ಇನ್ನೂ ಏನೇನಿತ್ತೋ, ಯಾರು ನೋಡಿದ್ದರು?

ನಮ್ಮ ಮನೆಯ ದೀಪವೂ ಶರಾವತಿಯದ್ದೇ. ಕರ್ನಾಟಕದ ಅರ್ಧಕ್ಕರ್ಧ ಮಂದಿ ಓದಿದ್ದು ಈ ಹೊಳೆಯ ಬೆಳಕಿನಲ್ಲಿ. ಲಿಂಗನಮಕ್ಕಿ ಒಡೆಯಿರಿ ಅಂತ ನಾನು ಹೇಳುತ್ತಿಲ್ಲ. ನೀರು ಬಿಡುವ ವೇಳಾಪಟ್ಟಿ ಮಾಡುವಾಗ ಕೆಳಗೆ ಒಂದು ಅಳಿವೆ ಇದೆ, ಅದಕ್ಕೂ ಒಂದು ಬೇಸಿಗೆ ಬೇಕು ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ ಕೇಳುತ್ತಿದ್ದೇನೆ. ಈಗ ತಳಕಳಲೆ ಮತ್ತು ಗೇರುಸೊಪ್ಪೆಯ ನಡುವೆ ನೀರನ್ನು ಮೇಲೆ ಕೆಳಗೆ ಪಂಪ್ ಮಾಡುವ 2000 ಮೆಗಾವ್ಯಾಟ್ ಯೋಜನೆಯ ಮಾತು ನಡೆದಿದೆ. ಸಿಂಗಳೀಕದ ಬಗ್ಗೆ, ಕಡಿಯುವ ಮರಗಳ ಬಗ್ಗೆ ಜನ ದನಿ ಎತ್ತಿದ್ದಾರೆ, ಎತ್ತಲೇಬೇಕು. ಆದರೆ ನೀರಿನ ಮಟ್ಟ ದಿನಕ್ಕೊಂದು ಸಲ ಏರಿ ಇಳಿದರೆ ದಡದ ಆಳವಿಲ್ಲದ ನೀರಿನಲ್ಲಿ ಮೊಟ್ಟೆಯಿಡುವ ಮೀನು ಏನು ಮಾಡಬೇಕು ಅಂತ ಕೇಳಿದವರು ನನಗೆ ಸಿಗಲಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಹೀಗೆ ಓದುತ್ತಾ ಹೋದಾಗ ಸಿಕ್ಕಿದ್ದು ಥಾಯ್ಲೆಂಡಿನ ಪಾಕ್ ಮೂನ್ ಅಣೆಕಟ್ಟಿನ ಕಥೆ. ಮೂನ್ ನದಿ ಮೆಕಾಂಗ್ ಸೇರುವ ಜಾಗದ ಹತ್ತಿರವೇ 1994ರಲ್ಲಿ ಅದು ಮುಗಿಯಿತು. ಮೀನು ಹತ್ತಲಿ ಅಂತ ಏಣಿಯನ್ನೂ ಕಟ್ಟಿದರು. ಚಳಿನಾಡಿನ ಸಾಲ್ಮನ್ ಹಾರಿ ಹಾರಿ ಹತ್ತುತ್ತದೆ. ಮೆಕಾಂಗಿನ ನೂರಾರು ಬಗೆಯ ಮೀನುಗಳಲ್ಲಿ ಹೆಚ್ಚಿನವು ಆ ಏಣಿಯಲ್ಲಿ ಹತ್ತಲಿಲ್ಲ. ಮೀನು ಕಡಿಮೆಯಾಯಿತು, ಹಳ್ಳಿಯವರು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2001ರ ಜೂನ್‌ನಲ್ಲಿ ಪರೀಕ್ಷೆಗೆಂದು ಗೇಟು ತೆರೆದರು. ಮೀನು ಬಂತು! ಆಗ ಯಾವ ಮೀನು ಬಂತು, ಎಲ್ಲಿ ಬಂತು, ಯಾವ ಬಲೆಗೆ ಬಿತ್ತು ಅಂತ ಬರೆದಿಟ್ಟವರು ಆ ಹಳ್ಳಿಯ ಬೆಸ್ತರೇ. ತಾವೇ ಹಿಡಿದು, ತಮ್ಮ ಭಾಷೆಯ ಹೆಸರುಗಳಲ್ಲೇ ನೂರಕ್ಕೂ ಹೆಚ್ಚು ಬಗೆಗಳನ್ನು ದಾಖಲು ಮಾಡಿದರು.

ಇದನ್ನು ಓದಿದ ರಾತ್ರಿ ಅಮ್ಮನಿಗೆ ಫೋನು ಮಾಡಿದೆ. ನಿನಗೆ ನೆನಪಿರುವ ಹೊಳೆ ಮೀನುಗಳ ಹೆಸರೆಲ್ಲ ಹೇಳು ಅಂದೆ. ಈಗ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಹೆಸರು, ಯಾವ ತಿಂಗಳು ಸಿಗುತ್ತಿತ್ತು, ಹೊಳೆಯ ಯಾವ ಜಾಗದಲ್ಲಿ, ಕೊನೆಗೆ ನೋಡಿದ್ದು ಯಾವಾಗ. ಇವತ್ತಿಗೆ 34 ಹೆಸರಾಗಿದೆ. ಅದರಲ್ಲಿ 11ರ ಎದುರು ಅಮ್ಮ "ನಿನ್ನ ತಮ್ಮ ಹುಟ್ಟುವ ಮೊದಲು" ಅಂತ ಬರೆಸಿದ್ದಾಳೆ. ಕೆಲವು ಹೆಸರು ನಾನು ಕೇಳಿಯೇ ಇರಲಿಲ್ಲ. ಒಂದೇ ಮೀನಿಗೆ ಆಚೆ ದಂಡೆಯಲ್ಲಿ ಬೇರೆ ಹೆಸರಿದೆಯೋ ಏನೋ, ಅದನ್ನೂ ವಿಚಾರಿಸಬೇಕು.

ಗೇರುಸೊಪ್ಪೆಯಿಂದ ಹೊನ್ನಾವರ ಪಕ್ಕದ ಕಾಸರಕೋಡಿನ ತನಕ ಹೊಳೆ ದಂಡೆಯಲ್ಲಿ ನಿಮ್ಮ ಅಜ್ಜಿಯೋ ಅಜ್ಜನೋ ಇದ್ದರೆ ದಯವಿಟ್ಟು ಕೇಳಿ ನನಗೆ ಬರೆಯಿರಿ. ಹೆಸರು ನೆನಪಾಗದಿದ್ದರೆ ಬಣ್ಣ ಹೇಳಿದರೂ ಸಾಕು, ಮುಳ್ಳು ಹೇಗಿತ್ತು ಅಂತ ಹೇಳಿದರೂ ಸಾಕು. ಅಮ್ಮ ಗುರುತು ಹಿಡಿಯುತ್ತಾಳೆ.