ವೆಸ್ಟ್‌ವುಡ್ ಯಾಕೆ ಮುಚ್ಚೋಯ್ತು ಅಂತ ಕೇಳೋರಿಗೆ

ನಾನು ಈಗ್ಲೂ ರಾತ್ರಿ ಊಟ ಆದ್ಮೇಲೆ ಲ್ಯಾಪ್‌ಟಾಪ್‌ನಲ್ಲಿ ರೆಡ್ ಅಲರ್ಟ್ ಅನ್ನೋ ಹಳೇ ಯುದ್ಧದ ಗೇಮ್ ಹಾಕ್ಕೊಂಡು ಕೂರ್ತೀನಿ, ಮನೆಗೆ ಬಂದ ಫ್ರೆಂಡ್ಸ್ ನೋಡಿದ್ರೆ ಮೊದ್ಲು ಅಯ್ಯೋ ಇದು ಇನ್ನೂ ಓಡುತ್ತಾ ಅಂತಾರೆ, ಆಮೇಲೆ ಎಲ್ರದ್ದೂ ಒಂದೇ ಪ್ರಶ್ನೆ: ಶುರುನಲ್ಲಿ ವೆಸ್ಟ್‌ವುಡ್ ಅಂತ ಹೆಸ್ರು ಬರ್ತಿತ್ತಲ್ಲ, ಆ ಕಂಪನಿ ಏನಾಯ್ತು, ಅಷ್ಟು ಚೆನ್ನಾಗಿ ಗೇಮ್ ಮಾಡ್ತಿದ್ದೋರ್ನ ಇಎ, ಅಂದ್ರೆ ಎಲೆಕ್ಟ್ರಾನಿಕ್ ಆರ್ಟ್ಸ್ ಅನ್ನೋ ದೊಡ್ಡ ಗೇಮ್ ಕಂಪನಿ, ಯಾಕೆ ಮುಚ್ಬಿಡ್ತು? ಸೈಬರ್ ಕೆಫೆಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿ ಬೆಳೆದ ನಮ್ಮ ವಯಸ್ಸಿನೋರಿಗೆ ಇದು ಸುಮ್ನೆ ಕೇಳೋ ಪ್ರಶ್ನೆ ಅಲ್ಲ, ನನಗೂ ಅಲ್ಲ.

ಮುಚ್ಚಿದ್ದು ಇಎನೇ, 2003ರ ಮಾರ್ಚ್‌ನಲ್ಲಿ. ಆದ್ರೆ ನನ್ನ ಕೇಳಿದ್ರೆ ವೆಸ್ಟ್‌ವುಡ್‌ನೋರು ತಮ್ಮ ಮನೆ ಬೀಗದ ಕೈ ಕಳ್ಕೊಂಡಿದ್ದು ಅದಕ್ಕೂ 11 ವರ್ಷ ಮುಂಚೆ, 1992ರಲ್ಲಿ.

ಬ್ರೆಟ್ ಸ್ಪೆರ್ರಿ, ಲೂಯಿಸ್ ಕ್ಯಾಸಲ್ ಅಂತ ಇಬ್ರು 1985ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಇದನ್ನ ಶುರು ಮಾಡಿದ್ದು. ಆಗ ಅದ್ರ ಹೆಸ್ರು ವೆಸ್ಟ್‌ವುಡ್ ಅಸೋಸಿಯೇಟ್ಸ್. ಬೇರೆ ಕಂಪನಿಗಳ ಗೇಮ್‌ಗಳನ್ನ ಹೊಸ ಕಂಪ್ಯೂಟರ್‌ಗಳಿಗೆ, ಅಂದ್ರೆ ಅಮಿಗಾ, ಅಟಾರಿ ಎಸ್‌ಟಿಗೆ ಹೊಂದಿಸಿ ಕೊಡೋ ಕೆಲ್ಸದಿಂದ ಶುರುವಾಗಿ, 1991ರಲ್ಲಿ ಐ ಆಫ್ ದ ಬಿಹೋಲ್ಡರ್ ಅನ್ನೋ ಗೇಮ್ ಮಾಡೋ ಹೊತ್ತಿಗೆ ಒಳ್ಳೆ ಹೆಸ್ರು ಬಂದಿತ್ತು. 1992ರಲ್ಲಿ ವರ್ಜಿನ್ ಅನ್ನೋ ಗೇಮ್ ಕಂಪನಿ ಅವ್ರನ್ನ ಕೊಂಡ್ಕೊಳ್ತು. ಡ್ಯೂನ್ ಕಾದಂಬರಿ ಮೇಲೆ ಗೇಮ್ ಮಾಡೋ ಹಕ್ಕು ವರ್ಜಿನ್ ಹತ್ರಾನೇ ಇತ್ತು, ಅದೇ ವರ್ಷ ಡ್ಯೂನ್ 2 ಬಂತು. ಹಾರ್ವೆಸ್ಟರ್ ಅನ್ನೋ ಗಾಡಿ ಕಳ್ಸಿ ಮರಳಲ್ಲಿರೋ ಸ್ಪೈಸ್ ಅನ್ನೋ ಬೆಲೆಬಾಳೋ ವಸ್ತು ತರ್ಸೋದು, ಅದ್ರ ದುಡ್ಡಲ್ಲಿ ಬೇಸ್ ಕಟ್ಟೋದು, ಟ್ಯಾಂಕ್ ಮಾಡಿ ನುಗ್ಸೋದು, ಎಲ್ಲಾ ಮೌಸಲ್ಲಿ, ಎದುರಾಳಿ ನಿಮಗೋಸ್ಕರ ಕಾಯಲ್ಲ. ಏಜ್ ಆಫ್ ಎಂಪೈರ್ಸ್, ಸ್ಟಾರ್‌ಕ್ರಾಫ್ಟ್ ಅಂತ ನಾವೆಲ್ಲ ಹುಚ್ಚು ಹಿಡ್ದು ಆಡಿದ್ವಲ್ಲ, ಅವೆಲ್ಲ ನಡೆದಿದ್ದು ಈ ದಾರೀಲೇ.

ಆಮೇಲಿಂದು ನಿಮಗೇ ಗೊತ್ತು, 1995ರಲ್ಲಿ ಕಮಾಂಡ್ ಅಂಡ್ ಕಾಂಕರ್, 1996ರಲ್ಲಿ ರೆಡ್ ಅಲರ್ಟ್. ನನಗೆ ಅದ್ರಲ್ಲಿ ತುಂಬಾ ಇಷ್ಟವಾದ ವಿಷ್ಯ ಅಂದ್ರೆ ಆ ಗೇಮ್‌ಗಳೆಲ್ಲ ಆ ಊರಿನ ಹುಡುಗ್ರು ಸೇರಿ ಮಾಡಿದ್ದು. ರೆಡ್ ಅಲರ್ಟ್‌ನ ಹೆಲ್ ಮಾರ್ಚ್ ಮ್ಯೂಸಿಕ್ ಮಾಡಿದ ಫ್ರಾಂಕ್ ಕ್ಲೆಪಾಕಿ ಲಾಸ್ ವೇಗಸ್‌ನಲ್ಲೇ ಹುಟ್ಟಿ ಬೆಳೆದೋನು, 17 ವರ್ಷಕ್ಕೇ ಗೇಮ್ ಟೆಸ್ಟ್ ಮಾಡೋ ಕೆಲ್ಸಕ್ಕೆ ಸೇರಿದ್ದ. ಕಮಾಂಡ್ ಅಂಡ್ ಕಾಂಕರ್‌ನ ವಿಲನ್, ಬೋಳುತಲೆ ಕೇನ್ ಪಾತ್ರ ಮಾಡಿದ ಜೋ ಕ್ಯೂಕನ್ ಅಲ್ಲಿನ ನಾಟಕದವ್ರು, ಮಧ್ಯೆ ಬರೋ ವಿಡಿಯೋಗಳನ್ನ ಡೈರೆಕ್ಟ್ ಮಾಡ್ತಿದ್ದೋರೂ ಅವ್ರೇ. ಬಾಕ್ಸಲ್ಲಿ ಎರಡು ಸಿಡಿ ಇರ್ತಿತ್ತು, ಒಂದು ಫ್ರೆಂಡಿಗೆ ಕೊಟ್ರೆ ಒಂದೇ ಕಾಪಿಲಿ ಇಬ್ರೂ ನೆಟ್‌ವರ್ಕ್‌ನಲ್ಲಿ ಆಡ್ಬೋದಿತ್ತು, ಇದನ್ನ ಯೋಚ್ನೆ ಮಾಡಿ ಮಾಡಿದಾರೆ ಅಂದ್ರೆ ಅವ್ರಿಗೆ ಆಡೋರ ಮೇಲೆ ಎಷ್ಟು ಪ್ರೀತಿ ಇರ್ಬೇಕು ನೋಡಿ.

ಆದ್ರೆ ಈ ಎಲ್ಲಾ ವರ್ಷ ಅವ್ರು ಬಾಡಿಗೆ ಮನೇಲಿದ್ದಂಗೆ. ಆ ವರ್ಜಿನ್ ಕಂಪನಿಯನ್ನೇ ಸ್ಪೆಲ್ಲಿಂಗ್ ಅನ್ನೋ ಟಿವಿ ಕಂಪನಿ ಕೊಂಡ್ಕೊಳ್ತು, ಸ್ಪೆಲ್ಲಿಂಗ್ ಮೇಲೆ ವಯಾಕಾಮ್ ಅನ್ನೋ ಇನ್ನೂ ದೊಡ್ಡ ಕಂಪನಿ, ಅವ್ರಿಗೆ ಈ ಗೇಮ್ ಬಿಸಿನೆಸ್ ಸಾಕಾಗಿ ಮಾರೋಕೆ ಹೊರಟ್ರು. ಓನರ್ ಮನೆ ಮಾರಿದ್ರೆ ಬಾಡಿಗೆಯೋರು ಹೊಸ ಓನರ್‌ನ ಆರಿಸೋಕಾಗುತ್ತಾ. 1998ರಲ್ಲಿ ಇಎ 12.25 ಕೋಟಿ ಡಾಲರ್ ಕೊಟ್ಟು ತಗೊಳ್ತು, ಜೊತೆಗೆ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿದ್ದ ವರ್ಜಿನ್ ಸ್ಟುಡಿಯೋನೂ ಬಂತು, ಅದಕ್ಕೆ ವೆಸ್ಟ್‌ವುಡ್ ಪೆಸಿಫಿಕ್ ಅಂತ ಹೆಸ್ರಿಟ್ರು. ನಾವೆಲ್ಲ ಆಡಿದ ರೆಡ್ ಅಲರ್ಟ್ 2 ಮಾಡಿದ್ದು ಆ ಅರ್ವೈನ್ ಟೀಮು, ಇದು ಹೇಳಿದ್ರೆ ತುಂಬಾ ಜನ ನಂಬಲ್ಲ.

ಹಂಗಂತ ವರ್ಜಿನ್‌ಗೆ ಮಾರಿದ್ದೇ ತಪ್ಪು ಅಂತ ನಾನು ಹೇಳಲ್ಲ, ಅವ್ರಿಲ್ದಿದ್ರೆ ಡ್ಯೂನ್ 2 ಅನ್ನೋ ಗೇಮೇ ಇರ್ತಿರ್ಲಿಲ್ಲ. 2002ರಲ್ಲಿ ಬಂದ ವೆಸ್ಟ್‌ವುಡ್ ಗೇಮ್‌ಗಳಾದ ರೆನೆಗೇಡ್, ಅರ್ಥ್ ಅಂಡ್ ಬಿಯಾಂಡ್ ಎರಡೂ ಅಂದ್ಕೊಂಡಷ್ಟು ಓಡ್ಲಿಲ್ಲ, ಅದೂ ನಿಜ. ನನಗೆ ಇಎ ಮೇಲೆ ಸಿಟ್ಟಿರೋದು ಒಂದೇ ವಿಷ್ಯಕ್ಕೆ, ಲಾಸ್ ವೇಗಸ್ ಆಫೀಸ್ ಮುಚ್ಚಿ ಬರೋರು ಲಾಸ್ ಏಂಜಲೀಸ್‌ಗೆ ಬನ್ನಿ ಅಂದಿದ್ದಕ್ಕೆ. ಮನೆ ಮಠ ಮಕ್ಳು ಸ್ಕೂಲು ಎಲ್ಲಾ ಅಲ್ಲೇ ಇರೋ ಜನ, ತುಂಬಾ ಜನ ಹೋಗ್ಲಿಲ್ಲ, ಅದೇ ವರ್ಷ ಅಲ್ಲೇ ಪೆಟ್ರೋಗ್ಲಿಫ್ ಅಂತ ಹೊಸ ಕಂಪನಿ ಕಟ್ಟಿದ್ರು.

ಆ ಸಾಗಾಟದಲ್ಲಿ ಇನ್ನೊಂದು ನಷ್ಟ ಆಯ್ತು. ವೆಸ್ಟ್‌ವುಡ್ 1997ರಲ್ಲಿ ಬ್ಲೇಡ್ ರನ್ನರ್ ಅಂತ ಅದ್ಭುತವಾದ ಗೇಮ್ ಮಾಡಿತ್ತು, ಪ್ರತಿ ಸಲ ಆಡಿದಾಗ್ಲೂ ಯಾರು ಮನುಷ್ಯ, ಯಾರು ರೆಪ್ಲಿಕೆಂಟ್ ಅಂದ್ರೆ ಮನುಷ್ಯನ ಥರಾನೇ ಕಾಣೋ ಕೃತಕ ಜೀವಿ ಅನ್ನೋದು ಬದಲಾಗ್ತಿತ್ತು. ಅದ್ರ ಸೋರ್ಸ್ ಕೋಡ್, ಅಂದ್ರೆ ಪ್ರೋಗ್ರಾಮರ್‌ಗಳು ಬರೆದ ಮೂಲ ಪ್ರೋಗ್ರಾಮ್, ಆಫೀಸ್ ಬದಲಾಯಿಸೋವಾಗ ಕಳೆದೋಯ್ತು ಅಂತ ಕ್ಯಾಸಲ್ಲೇ ಹೇಳಿದಾರೆ. ಆಮೇಲೆ ಸ್ಕಮ್‌ವಿಎಂ ಅನ್ನೋ, ಹಳೇ ಗೇಮ್‌ಗಳನ್ನ ಇವತ್ತಿನ ಕಂಪ್ಯೂಟರ್‌ನಲ್ಲಿ ಓಡ್ಸೋ ಸಾಫ್ಟ್‌ವೇರ್‌ನ ಸ್ವಯಂಸೇವಕರು ಡಿಸ್ಕಲ್ಲಿದ್ದ ಗೇಮನ್ನೇ ಬಿಚ್ಚಿ ನೋಡಿ ಅದ್ರ ಕೆಲ್ಸ ಅರ್ಥ ಮಾಡ್ಕೊಂಡು ಮತ್ತೆ ಬರೆದು 2019ರಲ್ಲಿ ಓಡೋ ಹಂಗೆ ಮಾಡಿದ್ರು, ಅವ್ರಿಗೆ ಎಷ್ಟು ಕೈ ಮುಗಿದ್ರೂ ಸಾಲ್ದು.

ಕಮಾಂಡ್ ಅಂಡ್ ಕಾಂಕರ್ ಕೋಡ್ ಮಾತ್ರ ಉಳೀತು. 2020ರಲ್ಲಿ ಬಂದ ಅದ್ರ ರೀಮಾಸ್ಟರ್, ಅಂದ್ರೆ ಹಳೇ ಗೇಮನ್ನೇ ಹೊಸ ಚಿತ್ರ ಧ್ವನಿ ಕೊಟ್ಟು ತಿದ್ದೋ ಕೆಲ್ಸನ, ಇಎ ಪೆಟ್ರೋಗ್ಲಿಫ್‌ಗೇ ಕೊಟ್ಟಿತ್ತು, ಮ್ಯೂಸಿಕ್‌ಗೆ ಮತ್ತೆ ಕ್ಲೆಪಾಕಿನೇ ಬಂದ. 2025ರ ಫೆಬ್ರವರಿಲಿ ಹಳೇ ಸೋರ್ಸ್ ಕೋಡ್ ಪೂರ್ತಿ ಯಾರು ಬೇಕಾದ್ರೂ ತಗೋಬೋದು ಅಂತ ಬಿಟ್ರು. ನಾನು ಅವತ್ತು ರಾತ್ರಿ ಡೌನ್‌ಲೋಡ್ ಮಾಡಿ ಒಂದೊಂದೇ ಫೈಲ್ ತೆಗೆದು ನೋಡ್ತಾ ಕೂತಿದ್ದೆ, ಎಷ್ಟೋ ಫೈಲ್‌ಗಳಲ್ಲಿ ಪ್ರೋಗ್ರಾಮರ್ ಅನ್ನೋ ಕಡೆ ಜೋ ಬೋಸ್ಟಿಕ್ ಹೆಸ್ರು, ಡ್ಯೂನ್ 2 ಬರೆದೋರು, ಆಮೇಲೆ ಪೆಟ್ರೋಗ್ಲಿಫ್ ಕಟ್ಟಿದೋರಲ್ಲಿ ಒಬ್ರು. ಅದ್ರ ಮೇಲಿನ ಸಾಲಲ್ಲಿ ಅಕ್ಷರ ಅಕ್ಷರ ಬಿಡಿಸಿ ಬರೆದಿರೋದು ಹಂಗೇ ಇದೆ: ಕಾನ್ಫಿಡೆನ್ಷಿಯಲ್, ವೆಸ್ಟ್‌ವುಡ್ ಸ್ಟುಡಿಯೋಸ್.